ಗೌರಿಯನ್ನು ಓದುವುದು

ಗೌರಿ ಲಂಕೇಶ್ ಹೇಗೆ ತೀರಿಕೊಂಡರು ಎಂದು ಕೇಳಿದರೆ ನಮ್ಮ ವಿಜಯನಗರದಲ್ಲಿ ತರಕಾರಿ ಗಾಡಿಯವರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರೂ ಹೇಳಿಬಿಡುತ್ತಾರೆ. 2017ರ ಸೆಪ್ಟೆಂಬರ್ 5ರ ರಾತ್ರಿ, ಎಂಟು ಗಂಟೆಯ ಸುಮಾರು, ರಾಜರಾಜೇಶ್ವರಿನಗರದ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಅದು ಎಲ್ಲರಿಗೂ ಗೊತ್ತು. ಆದರೆ ಅವರು ಏನು ಬರೆದರು, ಹೇಗೆ ಬರೆದರು ಎಂದು ಕೇಳಿ ನೋಡಿ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಹೊಗಳುವವರು ‘ಧೀರೆ’ ಎನ್ನುತ್ತಾರೆ, ತೆಗಳುವವರು ಬಾಯಿಗೆ ಬಂದದ್ದು ಅನ್ನುತ್ತಾರೆ. ಎರಡೂ ಕಡೆಯವರಲ್ಲಿ ಅವರ ಒಂದಾದರೂ ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಬೆರಳೆಣಿಕೆಯಷ್ಟು.

ಬರೆಯುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಗಂಡಸು ಬರೆದರೆ ಬರಹದ ಚರ್ಚೆಯಾಗುತ್ತದೆ. ಹೆಂಗಸು ಬರೆದರೆ ಅವಳ ಬದುಕಿನ ಚರ್ಚೆಯಾಗುತ್ತದೆ, ಅವಳ ಸಾವಿನ ಚರ್ಚೆಯಾಗುತ್ತದೆ. ಹದಿನೇಳು ವರ್ಷ ಪ್ರತಿ ವಾರ ಒಂದು ಪತ್ರಿಕೆಯನ್ನು ಹೊತ್ತು ತಂದ ಸಂಪಾದಕಿಯನ್ನು ಸಂಪಾದಕಿಯಾಗಿಯೇ ನೋಡಬೇಕಲ್ಲವೇ? ಅವರ ಗುಣವನ್ನೂ ದೋಷವನ್ನೂ ತೂಗಿ ನೋಡುವುದು ಅವರಿಗೆ ಮಾಡುವ ಅಗೌರವವಲ್ಲ. ಓದದೆ ಕೈಮುಗಿಯುವುದೇ ಅಗೌರವ. ಈ ಬರಹದ ಉದ್ದೇಶ ಇಷ್ಟೇ.

ಗೌರಿಯವರ ಪತ್ರಿಕೆಯನ್ನು ಅರಿಯಬೇಕಾದರೆ ಅವರ ತಂದೆಯ ಪತ್ರಿಕೆಯಿಂದಲೇ ಶುರು ಮಾಡಬೇಕು. ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದಾಗ ಅವರು ಇಂಗ್ಲಿಷ್ ಮೇಷ್ಟರಾಗಿದ್ದವರು, ಕತೆ, ಕವಿತೆ, ನಾಟಕ ಬರೆದವರು, ‘ಪಲ್ಲವಿ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಆ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗರು ಕೊಡುವ ಚಿಲ್ಲರೆ ಕಾಸಿನ ಮೇಲೆಯೇ ನಡೆಯುತ್ತಿತ್ತು. ಬಸ್ ನಿಲ್ದಾಣದ ಪೇಪರ್ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ ಆ ಕಪ್ಪು ಬಿಳುಪು ಮುಖಪುಟವನ್ನು ನಿಂತು ನೋಡದೆ ಹೋದವರು ಕಡಿಮೆ.

ನಮ್ಮಂಥ ಮನೆಗಳಲ್ಲಿ ಹೆಂಗಸರ ಓದಿಗೆ ಎಂದು ಬರುತ್ತಿದ್ದದ್ದು ‘ಸುಧಾ’, ‘ಮಯೂರ’, ‘ತರಂಗ’. ಲಂಕೇಶ್ ಪತ್ರಿಕೆ ಗಂಡಸರ ಚೀಲದಲ್ಲಿ ಬರುತ್ತಿತ್ತು. ಅದನ್ನು ಮಡಿಸಿ ದಿಂಬಿನ ಕೆಳಗೋ, ಹಳೆಯ ಪೇಪರಿನ ಕಟ್ಟಿನ ನಡುವೆಯೋ ಇಡುತ್ತಿದ್ದರು. ಅವರು ಕೆಲಸಕ್ಕೆ ಹೋದ ಮೇಲೆ, ಒಲೆಯ ಮೇಲೆ ಹುಳಿ ಕುದಿಯುವ ಹೊತ್ತಿನಲ್ಲಿ, ನಾವು ಅದನ್ನು ತೆಗೆದು ಓದುತ್ತಿದ್ದೆವು. ರಾಜಕಾರಣಿಗಳ ಹಗರಣ ನಮಗೆ ಅಷ್ಟಾಗಿ ಬೇಕಿರಲಿಲ್ಲ. ಒಳಪುಟಗಳಲ್ಲಿ ಬೇರೆಯೇ ಲೋಕವಿತ್ತು. ಕಾಸರಗೋಡಿನ ಕಡೆಯ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. ತಲಾಖ್ ಎಂಬ ಮಾತು ಒಬ್ಬ ಹೆಣ್ಣಿನ ಬದುಕಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಪಕ್ಕದ ಬೀದಿಯ ಮುಸ್ಲಿಂ ಗೆಳತಿ ಹೇಳದೆ ಉಳಿಸಿಕೊಂಡಿದ್ದನ್ನು, ಆ ನಾದಿರಾ ನಮಗೆ ಹೇಳಿದಳು. ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಅದೇ ಬಾನು 2025ರಲ್ಲಿ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಕತೆಗಳಿಗೆ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದರು. ತೇಜಸ್ವಿ ಬರೆಯುತ್ತಿದ್ದರು. ಲಂಕೇಶರೇ ‘ನೀಲು’ ಎಂಬ ಹೆಣ್ಣಿನ ಹೆಸರಿನಲ್ಲಿ ಪುಟ್ಟ ಪುಟ್ಟ ಪದ್ಯ ಬರೆಯುತ್ತಿದ್ದರು.

ಈ ಪತ್ರಿಕೆಗೆ ಇನ್ನೊಂದು ಮುಖವೂ ಇತ್ತು. ಅಲ್ಲಿ ಮುಖ್ಯಮಂತ್ರಿ ಗುಂಡೂರಾಯರು ‘ಗುಂ’ ಆಗಿದ್ದರು. ಬಂಗಾರಪ್ಪನವರು ‘ಬಂ’. ಮಂತ್ರಿಗಳನ್ನು ಏಕವಚನದಲ್ಲಿ ಕರೆಯುವುದು ಅಲ್ಲಿಯ ರೂಢಿ. ದೊಡ್ಡವರ ಮುಂದೆ ಬಗ್ಗಿ ನಿಲ್ಲುವುದನ್ನೇ ಕಲಿತಿದ್ದ ಜನಕ್ಕೆ ಆ ಏಕವಚನ ಒಂದು ಬಗೆಯ ಬಿಡುಗಡೆ ಕೊಟ್ಟಿತು, ನಿಜ. ಆದರೆ ಮಾತಿನ ಲಗಾಮು ಒಮ್ಮೆ ಸಡಿಲವಾದರೆ ಅದು ಯಾರ ಮನೆ ಅಂಗಳಕ್ಕೆ ನುಗ್ಗುತ್ತದೆ ಎಂದು ಹೇಳಲಾಗದು. ಈ ಮಾತಿಗೆ ಮುಂದೆ ಬರುತ್ತೇನೆ.

ಇಂಥ ತಂದೆಯ ಹಿರಿಯ ಮಗಳು ಗೌರಿ. ಹುಟ್ಟಿದ್ದು 1962ರ ಜನವರಿ 29ರಂದು. ಅವರ ತಾಯಿ ಇಂದಿರಾ ಅವರನ್ನು ನಾವು ಮರೆಯಬಾರದು. ಮನೆಯ ಯಜಮಾನ ಸಾಹಿತ್ಯ, ಸಿನಿಮಾ, ಪತ್ರಿಕೆ ಎಂದು ಓಡಾಡುತ್ತಿದ್ದಾಗ ಸೀರೆ ವ್ಯಾಪಾರ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವರು ಆಕೆ. ಅವರ ಆತ್ಮಕಥನ ‘ಹುಳಿಮಾವು ಮತ್ತು ನಾನು’ ಓದಿದವರಿಗೆ ಲಂಕೇಶ್ ಎಂಬ ದೊಡ್ಡ ಮರದ ಬುಡಕ್ಕೆ ನೀರು ಹೊತ್ತವರು ಯಾರು ಎಂಬುದು ಗೊತ್ತಾಗುತ್ತದೆ. ಗೌರಿಯವರ ಗಟ್ಟಿತನವನ್ನು ಎಲ್ಲರೂ ಅಪ್ಪನ ಲೆಕ್ಕಕ್ಕೆ ಬರೆಯುತ್ತಾರೆ. ಅಮ್ಮನ ಲೆಕ್ಕಕ್ಕೂ ಒಂದು ಪಾಲು ಸೇರಬೇಕು ಎಂಬುದು ನನ್ನ ವಾದ. ತಿಂಗಳ ಕೊನೆಗೆ ಕೈಯಲ್ಲಿ ಏನು ಉಳಿಯಿತು ಎಂದು ನೋಡದೆಯೂ ಅಂಗಡಿ ಬಾಗಿಲು ತೆಗೆಯುವ ಹಟ ಗಂಡಸರ ಸಾಹಿತ್ಯದಿಂದ ಬರುವಂಥದ್ದಲ್ಲ.

ಗೌರಿ ಪತ್ರಕರ್ತೆಯಾದದ್ದು ಇಂಗ್ಲಿಷಿನಲ್ಲಿ. ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಶುರುಮಾಡಿ, ಕೋಲ್ಕತ್ತಾದಿಂದ ಬರುತ್ತಿದ್ದ ‘ಸಂಡೇ’ ವಾರಪತ್ರಿಕೆಗೆ ಬೆಂಗಳೂರಿನಿಂದ ವರ್ಷಗಟ್ಟಲೆ ವರದಿ ಮಾಡಿ, ಆಮೇಲೆ ದೆಹಲಿಯಲ್ಲಿ ಈನಾಡು ಸಂಸ್ಥೆಯ ಟೀವಿಗೆ ಕೆಲಸ ಮಾಡಿದರು. ಹೀಗೆ ಹದಿನಾರು ವರ್ಷ. ಆ ದಾರಿಯಲ್ಲೇ ಮುಂದುವರಿದಿದ್ದರೆ ಒಳ್ಳೆಯ ಸಂಬಳ, ದೆಹಲಿಯ ದೊಡ್ಡ ಹುದ್ದೆ, ಸುರಕ್ಷಿತ ನಿವೃತ್ತಿ ಎಲ್ಲವೂ ಕಾದಿತ್ತು. 2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಮಕ್ಕಳಿಗೆ ಮೊದಲು ಬಂದ ಯೋಚನೆ ಪತ್ರಿಕೆಯನ್ನು ನಿಲ್ಲಿಸಿಬಿಡುವುದು. ‘ಸಂಜೆವಾಣಿ’ಯ ಮಣಿಯವರು ಹಾಗೆ ಮಾಡಬೇಡಿ ಎಂದು ಒಪ್ಪಿಸಿದರು. ಮಗ ಇಂದ್ರಜಿತ್ ವ್ಯವಹಾರ ನೋಡಿಕೊಳ್ಳುವುದು, ಮಗಳು ಗೌರಿ ಸಂಪಾದಕಿಯಾಗುವುದು ಎಂದು ತೀರ್ಮಾನವಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವುದನ್ನು ಬಡ್ತಿ ಎಂದೇ ತಿಳಿದಿದ್ದೇವೆ. ಮಗು ಕಾನ್ವೆಂಟಿಗೆ ಸೇರಿದರೆ ಮನೆಮಂದಿಗೆಲ್ಲ ಸಿಹಿ. ಹೀಗಿರುವಾಗ ಮೂವತ್ತೆಂಟರ ವಯಸ್ಸಿನಲ್ಲಿ ಒಬ್ಬ ಹೆಂಗಸು, ಕೈಗೆ ಹತ್ತಿದ ಭಾಷೆಯನ್ನು ಬಿಟ್ಟು, ಬರೆದು ಅಭ್ಯಾಸವಿಲ್ಲದ ಕನ್ನಡಕ್ಕೆ ಬಂದರು. ಅದೂ ಎಂಥ ಕುರ್ಚಿಗೆ? ಕನ್ನಡ ಗದ್ಯದ ಧಾಟಿಯನ್ನೇ ತಿರುಗಿಸಿದ ಲಂಕೇಶರು ಕೂತಿದ್ದ ಕುರ್ಚಿಗೆ. ಪ್ರತಿ ವಾರವೂ ಓದುಗರು ಅಪ್ಪನ ವಾಕ್ಯದ ಪಕ್ಕ ಮಗಳ ವಾಕ್ಯವನ್ನಿಟ್ಟು ನೋಡುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಹೊಸ ಮನೆಗೆ ಬಂದ ಸೊಸೆ ಮಾಡಿದ ಸಾರನ್ನು ಅತ್ತೆಯ ಸಾರಿನ ಜೊತೆ ಹೋಲಿಸುತ್ತಲೇ ಉಣ್ಣುವ ಮಂದಿಯ ಎದುರು ಬಡಿಸುವ ಕಷ್ಟ ಅದು. ನಮಗೆ ಆ ಕಷ್ಟ ಗೊತ್ತು.

ಹೋಲಿಸಿದರೆ ಏನು ಕಾಣುತ್ತದೆ? ಲಂಕೇಶರ ಗದ್ಯದಲ್ಲಿ ಒಂದು ಗೂಢ ಇದೆ. ಒಂದು ವಾಕ್ಯದಲ್ಲಿ ಬೈದು, ಮುಂದಿನ ವಾಕ್ಯದಲ್ಲಿ ಬೈಗುಳಕ್ಕೆ ತಾವೇ ನಕ್ಕು, ಮೂರನೆಯದರಲ್ಲಿ ಎಲ್ಲವನ್ನೂ ಅನುಮಾನಕ್ಕೆ ತಳ್ಳಿಬಿಡುತ್ತಾರೆ. ಗೌರಿಯವರ ‘ಕಂಡ ಹಾಗೆ’ ಅಂಕಣದಲ್ಲಿ ಅಂಥ ಗೂಢ ಇಲ್ಲ. ಆ ವಾರ ನಡೆದ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತಾರೆ, ಯಾವಾಗ ಎಲ್ಲಿ ಏನಾಯಿತು ಎಂದು ವರದಿಗಾರ್ತಿಯ ಶಿಸ್ತಿನಲ್ಲಿ ಒಂದೊಂದಾಗಿ ಹೇಳುತ್ತಾರೆ, ಆಮೇಲೆ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಇಡುತ್ತಾರೆ. ಅಡ್ಡಗೋಡೆಯ ಮೇಲೆ ದೀಪವಿಡುವ ಅಭ್ಯಾಸ ಅವರಿಗೆ ಇರಲೇ ಇಲ್ಲ. ಮೊದಮೊದಲ ಬರಹಗಳಲ್ಲಿ ಇಂಗ್ಲಿಷ್ ವರದಿಯ ಎಲುಬು ಕನ್ನಡದ ಚರ್ಮದ ಕೆಳಗಿನಿಂದ ಎದ್ದು ಕಾಣುತ್ತದೆ. ವರ್ಷ ಕಳೆದಂತೆ ವಾಕ್ಯ ಚಿಕ್ಕದಾಗುತ್ತದೆ, ಮಾತು ಹತ್ತಿರವಾಗುತ್ತದೆ, ಊರಿಂದ ಅಕ್ಕ ಬರೆದ ಕಾಗದದ ಹಾಗೆ ಆಗುತ್ತದೆ.

ಪಂಡಿತರು ಇದನ್ನು ಬಡತನ ಎಂದಾರು. ನಾನು ಒಪ್ಪುವುದಿಲ್ಲ. ಸರಳ ಗದ್ಯ ಎರಡು ತರಹ. ಹೇಳುವುದಕ್ಕೆ ಏನೂ ಇಲ್ಲದ್ದರಿಂದ ಸರಳವಾದದ್ದು ಒಂದು, ಹೇಳಲೇಬೇಕಾದದ್ದು ಇರುವುದರಿಂದ ಸರಳವಾದದ್ದು ಇನ್ನೊಂದು. ಗೌರಿಯವರದು ಎರಡನೆಯದು. ಅಪ್ಪನ ಹಾಗೆ ಬರೆಯಲು ಅವರು ಹೆಣಗಲಿಲ್ಲ. ಅಪ್ಪನ ಧಾಟಿಯನ್ನು ಅನುಕರಿಸಿ ಹಾಳಾದ ಗಂಡು ಬರಹಗಾರರು ಕನ್ನಡದಲ್ಲಿ ಎಷ್ಟೋ ಮಂದಿ ಇದ್ದಾರೆ. ಸ್ವಂತ ಮಗಳು ಆ ಬಲೆಗೆ ಬೀಳಲಿಲ್ಲ ಎಂಬುದನ್ನು ನಮ್ಮ ವಿಮರ್ಶಕರು ಇನ್ನಷ್ಟು ಗಮನಿಸಬೇಕಿತ್ತು.

ಇನ್ನು ಸಂಪಾದಕಿಯಾಗಿ ಅವರು ಆರಿಸಿಕೊಂಡ ದಾರಿ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ವಿವಾದದಲ್ಲಿ ಅವರು ವರದಿ ಮಾಡಿ ಸುಮ್ಮನಾಗಲಿಲ್ಲ. ಕೋಮು ಸೌಹಾರ್ದ ವೇದಿಕೆಯ ಜೊತೆ ಬೀದಿಗಿಳಿದರು, 2003ರಲ್ಲಿ ಬಂಧನಕ್ಕೂ ಒಳಗಾದರು. 2004ರಲ್ಲಿ ಮಲೆನಾಡಿನ ಕಾಡಿಗೆ ಹೋಗಿ ನಕ್ಸಲ್ ನಾಯಕ ಸಾಕೇತ್ ರಾಜನ್ ಅವರನ್ನು ಕಂಡು ಬಂದರು. ಬಂದೂಕು ಬಿಟ್ಟು ಮಾತಿಗೆ ಬನ್ನಿ ಎಂಬ ಪ್ರಯತ್ನದಲ್ಲಿ ತೊಡಗಿದರು. 2005ರ ಫೆಬ್ರವರಿಯಲ್ಲಿ ಸಾಕೇತ್ ಪೊಲೀಸರ ಗುಂಡಿಗೆ ಬಲಿಯಾದರು. ಅದೇ ತಿಂಗಳು, ನಕ್ಸಲರ ಕುರಿತ ವರದಿಯೊಂದರ ವಿಷಯವಾಗಿ ಅಕ್ಕ ತಮ್ಮನ ನಡುವಿನ ಭಿನ್ನಾಭಿಪ್ರಾಯ ಬಹಿರಂಗವಾಯಿತು. ಗೌರಿ ಹೊರಬಂದು ‘ಗೌರಿ ಲಂಕೇಶ್ ಪತ್ರಿಕೆ’ ಎಂದು ತಮ್ಮ ಹೆಸರಿನಲ್ಲೇ ವಾರಪತ್ರಿಕೆ ತೆಗೆದರು. ಆಗಲೂ ಜಾಹೀರಾತು ಇಲ್ಲ. ನಕ್ಸಲರನ್ನು ಮುಖ್ಯವಾಹಿನಿಗೆ ತರುವ ಕೆಲಸವನ್ನು ಅವರು ಕೈಬಿಡಲಿಲ್ಲ. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಕಾಡು ಬಿಟ್ಟು ಬಂದಾಗ ಅದರ ಹಿಂದೆ ದೊರೆಸ್ವಾಮಿಯವರಂಥ ಹಿರಿಯರ ಜೊತೆ ಗೌರಿಯವರ ಶ್ರಮವೂ ಇತ್ತು. ಬಂದೂಕನ್ನು ಬೆಂಬಲಿಸಿದಾಕೆ ಎಂದು ಅವರನ್ನು ದೂರುವವರು ಈ ಸಂಗತಿಯನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. ಇಬ್ಬರು ಮನುಷ್ಯರು ಜೀವಂತ ಊರಿಗೆ ಮರಳಿದರು. ಎಷ್ಟು ಸಂಪಾದಕೀಯಗಳಿಗೆ ಇಂಥ ಫಲ ಸಿಕ್ಕಿದೆ?

ಆದರೆ ಚಳವಳಿಗೆ ಬೆಲೆ ತೆತ್ತದ್ದು ಪತ್ರಿಕೆ. ಇದನ್ನು ಹೇಳದೆ ವಿಧಿಯಿಲ್ಲ. ಅಪ್ಪನ ಕಾಲದಲ್ಲಿ ಹಗರಣದ ಪುಟ ತಿರುವಿದರೆ ಕತೆ ಸಿಗುತ್ತಿತ್ತು, ಕವಿತೆ ಸಿಗುತ್ತಿತ್ತು, ಸಾರಾ ಸಿಗುತ್ತಿದ್ದರು. ಮಗಳ ಪತ್ರಿಕೆಯಲ್ಲಿ ಸಭೆ, ಜಾಥಾ, ಸಂಘಟನೆಗಳ ಸುದ್ದಿ ಹೆಚ್ಚಾಯಿತು, ಸಾಹಿತ್ಯ ಹಿಂದೆ ಸರಿಯಿತು. ದಲಿತರ, ಅಲ್ಪಸಂಖ್ಯಾತರ, ಹೋರಾಟಗಾರರ ದನಿಗೆ ಜಾಗ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೂ ಇನ್ನೊಬ್ಬ ಸಾರಾ, ಇನ್ನೊಬ್ಬ ಬಾನು ಆ ಪುಟಗಳಿಂದ ಎದ್ದು ಬರಲಿಲ್ಲ. ಸಂಪಾದಕಿಯೇ ಹೆಣ್ಣಾಗಿದ್ದಾಗ ಹೆಣ್ಣುಮಕ್ಕಳ ಕತೆಗಳಿಗೆ ಜಾಗ ಹಿಗ್ಗಬೇಕಿತ್ತು ಎಂಬುದು ನನ್ನ ಅತೃಪ್ತಿ. ಹೆಣ್ಣಿನ ಒಳಗುದಿ ಬರಿಯ ಹೋರಾಟದ ವರದಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಕತೆಯೇ ಬೇಕು.

ಎರಡನೆಯದು ಭಾಷೆ. ಏಕವಚನದ, ಅಡ್ಡಹೆಸರಿನ, ಗೇಲಿಯ ಶೀರ್ಷಿಕೆಯ ಟ್ಯಾಬ್ಲಾಯ್ಡ್ ರೂಢಿಯನ್ನು ಗೌರಿ ಅಪ್ಪನ ಆಸ್ತಿಯ ಜೊತೆಗೇ ಪಡೆದರು. ಅದನ್ನು ಪೂರ್ತಿ ಕಳಚಲಿಲ್ಲ. ಒಬ್ಬ ಮಂತ್ರಿಯನ್ನು ‘ಅವನು’ ಎಂದಾಗ ನಮಗೆ ಖುಷಿಯಾದದ್ದು ನಿಜ. ಆದರೆ ಆ ಧಾಟಿಯನ್ನು ಲಂಕೇಶರ ಬುದ್ಧಿಯೂ ಇಲ್ಲದ, ಗೌರಿಯವರ ಕಾಳಜಿಯೂ ಇಲ್ಲದ ನೂರು ಪತ್ರಿಕೆಗಳು ಎತ್ತಿಕೊಂಡವು. ಕೊನೆಗೆ ಅದು ಜನರ ಬಾಯಿಯ ರೂಢಿಯೇ ಆಯಿತು. ಗೌರಿ ತೀರಿಕೊಂಡ ಮಾರನೆಯ ದಿನ ಅವರ ಬಗ್ಗೆ ಕೆಲವರು ಫೋನಿನಲ್ಲಿ ಹರಿಬಿಟ್ಟ ಮಾತುಗಳನ್ನು ಓದಿದಾಗ ನನಗೆ ಮೈ ನಡುಗಿತು. ಸತ್ತ ಹೆಂಗಸಿನ ಮೇಲೆ ಅಂಥ ಏಕವಚನ! ಆ ಬೈಗುಳಕ್ಕೆ ಗೌರಿ ಹೊಣೆ ಎಂದು ನಾನು ಹೇಳುತ್ತಿಲ್ಲ. ಬೈದವರೇ ಅದಕ್ಕೆ ಹೊಣೆ. ಆದರೆ ಬರೆಯುವವರು ಇದರಿಂದ ಕಲಿಯುವುದು ಒಂದಿದೆ. ದೊಡ್ಡವರನ್ನು ಕೆಳಗಿಳಿಸಲು ಮಸೆದ ಮಾತಿನ ಕತ್ತಿಗೆ ಹಿಡಿ ಇರುವುದಿಲ್ಲ. ಅದು ಕೊನೆಗೆ ಎಲ್ಲರಿಗಿಂತ ಮೊದಲು ಹೆಂಗಸರನ್ನೇ ಕೊಯ್ಯುತ್ತದೆ.

ಮೂರನೆಯದು ಸಾಕ್ಷ್ಯದ ಪ್ರಶ್ನೆ. 2008ರಲ್ಲಿ ಪ್ರಕಟವಾದ ಒಂದು ವರದಿಗೆ ಸಂಬಂಧಿಸಿ ಸಂಸದ ಪ್ರಹ್ಲಾದ ಜೋಶಿಯವರೂ ಇನ್ನೊಬ್ಬರೂ ಹೂಡಿದ್ದ ಮಾನನಷ್ಟ ಮೊಕದ್ದಮೆಗಳಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರಿನಲ್ಲಿ ಗೌರಿಯವರನ್ನು ತಪ್ಪಿತಸ್ಥೆ ಎಂದು ತೀರ್ಮಾನಿಸಿ ಆರು ತಿಂಗಳ ಸಜೆ ವಿಧಿಸಿತು. ಜಾಮೀನು ಸಿಕ್ಕಿತು. ಅದೇ ಸುದ್ದಿಯನ್ನು ಬೇರೆ ಪತ್ರಿಕೆಗಳೂ ಬರೆದಿದ್ದವು, ತನ್ನೊಬ್ಬಳ ಮೇಲೆಯೇ ಮೊಕದ್ದಮೆ ಏಕೆ ಎಂಬುದು ಅವರ ಅಳಲಾಗಿತ್ತು. ಅಳಲಿನಲ್ಲಿ ನ್ಯಾಯವಿರಬಹುದು. ಆದರೂ ಹತ್ತು ಜನ ಬರೆದದ್ದರಿಂದ ಒಂದು ಮಾತು ರುಜುವಾತಾಗುವುದಿಲ್ಲ. ಸಣ್ಣ ಪತ್ರಿಕೆಗೆ ವಕೀಲರ ಪಡೆ ಇರುವುದಿಲ್ಲ, ಕಾಗದಪತ್ರವೇ ಅದರ ಕವಚ. ನ್ಯಾಯದ ಪರ ನಿಂತವರು ಇನ್ನೊಬ್ಬರಿಗಿಂತ ಹೆಚ್ಚು ಜೋಪಾನವಾಗಿರಬೇಕಾದ ಸ್ಥಳ ಇದು.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪಣೆಯನ್ನು ಎತ್ತಿದ್ದು ನಾನಲ್ಲ, ನಮ್ಮ ಓದುಗರ ಬಳಗದ ಹಿರಿಯರೊಬ್ಬರು. ಬಸವೇಶ್ವರನಗರದಲ್ಲಿ ತಿಂಗಳಿಗೊಮ್ಮೆ ಏಳೆಂಟು ಹೆಂಗಸರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಆಮೇಲೆ ಕಾಫಿ, ಜಗಳ. ಒಂದು ಸಲ ‘ಕಂಡ ಹಾಗೆ’ಯ ಕೆಲವು ಬರಹಗಳನ್ನು ಓದಿದೆವು. ಬ್ಯಾಂಕಿನಿಂದ ನಿವೃತ್ತರಾದ, ಬೆಳಿಗ್ಗೆ ದೇವರ ದೀಪ ಹಚ್ಚದೆ ನೀರೂ ಮುಟ್ಟದ ಅಕ್ಕನೊಬ್ಬರು ಎಲ್ಲ ಕೇಳಿ, “ಬರೀತಾರೆ ಕಣ್ರೇ, ಚೆನ್ನಾಗೇ ಬರೀತಾರೆ. ಆದ್ರೆ ಈಯಮ್ಮ ನನ್ನ ಹತ್ರ ಮಾತಾಡ್ತಿಲ್ಲ, ನನ್ನ ಬಗ್ಗೆ ಮಾತಾಡ್ತಿದಾರೆ” ಎಂದರು. ಕಿರಿಯಳೊಬ್ಬಳು, “ಅಕ್ಕಾ, ಅವರು ನಿಮ್ಮನ್ನ ಅಂದಿದ್ದಲ್ಲ, ದೇವರ ಹೆಸರಲ್ಲಿ ಬೆಂಕಿ ಹಚ್ಚೋರನ್ನ ಅಂದಿದ್ದು” ಎಂದಳು. ಅಕ್ಕ, “ಹಾಗಾದ್ರೆ ಅದನ್ನ ನನಗೆ ಹೇಳ್ಬೇಕಿತ್ತಲ್ಲ” ಎಂದು ಲೋಟ ಕೆಳಗಿಟ್ಟರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ವರಮಹಾಲಕ್ಷ್ಮಿಗೆ ಕಳಶವಿಡುವ, ಯಾರ ಮನೆಗೂ ಕೇಡು ಬಯಸದ ಲಕ್ಷಾಂತರ ಹೆಂಗಸರು ಈ ನಾಡಿನಲ್ಲಿದ್ದಾರೆ. ಅವರ ಭಕ್ತಿಯನ್ನು ರಾಜಕೀಯದ ಸರಕು ಮಾಡಿಕೊಳ್ಳುವವರ ವಿರುದ್ಧ ಗೌರಿ ಬರೆದರು. ಆದರೆ ಆ ಹೆಂಗಸರ ಪಕ್ಕ ಕೂತು, ಅವರನ್ನೇ ಉದ್ದೇಶಿಸಿ ಬರೆದದ್ದು ಕಡಿಮೆ. ತಮ್ಮನ್ನು ಮೊದಲೇ ಒಪ್ಪಿದವರಿಗೆ ಬರೆಯುವುದು ವಾರಪತ್ರಿಕೆಯ ಸಂಪಾದಕರಿಗೆ ಬರುವ ಸಹಜ ಕಾಯಿಲೆ. ಪ್ರಸಾರ ಕುಗ್ಗಿದಷ್ಟೂ ಅದು ಹೆಚ್ಚಾಗುತ್ತದೆ, ಏಕೆಂದರೆ ಉಳಿದಿರುವವರು ಒಪ್ಪಿದವರೇ.

ಹೀಗಿರುವಾಗ ಅವರ ಕೊನೆಯ ಸಂಪಾದಕೀಯವನ್ನು ಓದಬೇಕು. 2017ರ ಸೆಪ್ಟೆಂಬರ್ 13ರ ದಿನಾಂಕ ಹೊತ್ತ ಸಂಚಿಕೆ. ಸಂಚಿಕೆಯ ದಿನಾಂಕ ಬರುವ ಎಂಟು ದಿನ ಮೊದಲೇ ಬರೆದವರು ಇರಲಿಲ್ಲ. ವಿಷಯ ಸುಳ್ಳು ಸುದ್ದಿ. ಎಂಥ ಸುಳ್ಳು? ಆ ವರ್ಷದ ಗಣೇಶನ ಹಬ್ಬದ ಸಮಯದಲ್ಲಿ ಫೋನಿನಿಂದ ಫೋನಿಗೆ ಒಂದು ಸುದ್ದಿ ಹರಿದಾಡಿತ್ತು. ಸರಕಾರ ಹೇಳಿದ ಕಡೆ ಮಾತ್ರ ಗಣಪತಿ ಕೂರಿಸಬೇಕಂತೆ, ಅದಕ್ಕೆ 10 ಲಕ್ಷ ರೂಪಾಯಿ ಠೇವಣಿ ಕಟ್ಟಬೇಕಂತೆ, ಬೇರೆ ಧರ್ಮದವರಿರುವ ಬೀದಿಯಲ್ಲಿ ಮೆರವಣಿಗೆ ಹೋಗಬಾರದಂತೆ. ಎಲ್ಲ ಅಂತೆ ಕಂತೆ. ಅಂಥ ನಿಯಮವೇ ಇಲ್ಲ ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರೇ ಪತ್ರಿಕಾಗೋಷ್ಠಿ ಕರೆದು ಹೇಳಬೇಕಾಯಿತು. ಗೌರಿ ಆ ಸುಳ್ಳಿನ ಜಾಡು ಹಿಡಿದು, ಅದು ಎಲ್ಲಿ ಹುಟ್ಟಿತು, ಹೇಗೆ ಹರಡಿತು ಎಂಬುದನ್ನು ಹಂತ ಹಂತವಾಗಿ ಬಿಡಿಸಿಡುತ್ತಾರೆ. ಕೊನೆಯಲ್ಲಿ, ಇಂಥ ಸುಳ್ಳುಗಳನ್ನು ಬಯಲು ಮಾಡುತ್ತಿರುವ ಎಲ್ಲರಿಗೂ ನಮಸ್ಕಾರ ಹೇಳಿ, ಅವರ ಸಂಖ್ಯೆ ಹೆಚ್ಚಲಿ ಎಂದು ಆಶಿಸುತ್ತಾರೆ.

ಬಳಗದಲ್ಲಿ ಈ ಬರಹವನ್ನೂ ಓದಿದೆವು. ಅದೇ ಅಕ್ಕ ಪೂರ್ತಿ ಕೇಳಿದರು. ಆ ವರ್ಷ ಆ ಸುದ್ದಿ ಅವರ ಫೋನಿಗೂ ಬಂದಿತ್ತಂತೆ. ಅವರು ಹೆಚ್ಚು ಮಾತಾಡಲಿಲ್ಲ. “ಇದು ನನಗೇ ಬರೆದಿದ್ದು” ಎಂದರು, ಅಷ್ಟೇ.

ನನ್ನ ಮಟ್ಟಿಗೆ ಗೌರಿಯವರ ಬರಹದ ತಿರುವು ಇರುವುದು ಇಲ್ಲಿ. ಇಲ್ಲಿ ಗೇಲಿ ಕಡಿಮೆ, ವಿವರ ಹೆಚ್ಚು. ಹುಬ್ಬಳ್ಳಿಯಲ್ಲಿ ಕೇಳಿಬಂದ ಸಾಕ್ಷ್ಯದ ಕೊರತೆ ಇಲ್ಲಿಲ್ಲ. ಒಂದೊಂದು ಮಾತಿಗೂ ಆಧಾರ ಹಿಡಿದು ಹೋಗುತ್ತಾರೆ. ಗಣಪತಿ ಕೂರಿಸುವವರನ್ನು ಅಣಕಿಸದೆ, ಅವರನ್ನು ಹೆದರಿಸಿ ನೆರೆಯವರ ಮೇಲೆ ಎತ್ತಿಕಟ್ಟುವ ಸುಳ್ಳಿನಿಂದ ಅವರನ್ನು ಕಾಯುವ ಬರಹ ಇದು. ಇಂಗ್ಲಿಷಿನಲ್ಲಿ ಕಲಿತ ವರದಿಗಾರಿಕೆಯ ಶಿಸ್ತು, ಕನ್ನಡದಲ್ಲಿ ಹದಿನೇಳು ವರ್ಷ ತಿದ್ದಿ ತೀಡಿದ ಸರಳ ಮಾತು, ಎರಡೂ ಇಲ್ಲಿ ಒಂದಾದವು. ಐವತ್ತೈದನೆಯ ವಯಸ್ಸಿನಲ್ಲಿ ಒಬ್ಬ ಸಂಪಾದಕಿಗೆ ತನ್ನ ನಿಜವಾದ ದನಿ ಸಿಕ್ಕಿತ್ತು. ಆ ದನಿ ಮುಂದೆ ಏನೇನು ಬರೆಯಬಹುದಿತ್ತು ಎಂದು ನೆನೆದಾಗಲೇ ಕೊಲೆಯ ನಷ್ಟ ಎಷ್ಟೆಂದು ನನಗೆ ಅರ್ಥವಾಗುವುದು. ‘ನಾನೂ ಗೌರಿ’ ಎಂಬ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಸಾವಿರಾರು ಜನ ಆ ತಿಂಗಳು ಬೆಂಗಳೂರಿನಲ್ಲಿ ಸೇರಿದರು. ದುಃಖಕ್ಕೆ ಅದು ಬೇಕಿತ್ತು. ಆದರೆ ಬರೆಯದೆ ಉಳಿದುಹೋದ ಅಂಕಣಗಳ ಲೆಕ್ಕವನ್ನು ಯಾವ ಸಭೆಯೂ ತುಂಬಿಕೊಡಲಾರದು.

ಇನ್ನೊಂದು ಮಾತನ್ನು ಹೆಂಗಸರಾದ ನಾವು ಮಾತ್ರ ಸರಿಯಾಗಿ ತಿಳಿಯಬಲ್ಲೆವು. ಬಸವನಗುಡಿಯ ಕಚೇರಿಯಲ್ಲಿ ದಿನವಿಡೀ ದುಡಿದು, ಸಂಜೆಯ ಗಾಡಿಗಳ ನೂಕುನುಗ್ಗಲಿನಲ್ಲಿ ಮೈಸೂರು ರಸ್ತೆ ಹಿಡಿದು, ನಾಯಂಡಹಳ್ಳಿ ದಾಟಿ, ರಾಜರಾಜೇಶ್ವರಿನಗರದ ಕಮಾನಿನೊಳಗೆ ತಿರುಗಿ ಒಬ್ಬಳೇ ಮನೆ ಸೇರುವುದು ಎಂದರೆ ಏನೆಂದು ಕೆಂಗೇರಿಯ ಕಡೆ ಕೆಲಸಕ್ಕೆ ಹೋಗಿ ಬರುವ ಯಾವ ಹೆಂಗಸನ್ನಾದರೂ ಕೇಳಿ. ಗೇಟಿನ ಬೀಗ ತೆಗೆಯುವ ಆ ಅರ್ಧ ನಿಮಿಷ ನಮಗೆಲ್ಲ ಗೊತ್ತಿರುವ ಅರ್ಧ ನಿಮಿಷ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದದ್ದು ಗೌರಿಗೆ ಗೊತ್ತಿತ್ತು, ಅದರ ವಿರುದ್ಧ ದನಿಯೆತ್ತಿದ್ದರು. ಆದರೂ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಮನೆಗೆ ಬರುತ್ತಿದ್ದರು. ಬರಹಗಾರರ ಧೈರ್ಯವನ್ನು ನಾವು ಸಾಮಾನ್ಯವಾಗಿ ವಾಕ್ಯಗಳಲ್ಲಿ ಹುಡುಕುತ್ತೇವೆ. ಇವರದನ್ನು ದಿನಚರಿಯಲ್ಲೂ ಹುಡುಕಬೇಕು. ಕೊಲೆಯ ಮೊಕದ್ದಮೆಯ ವಿಚಾರಣೆ ಶುರುವಾಗಲು 2022ರವರೆಗೆ ಕಾಯಬೇಕಾಯಿತು ಎಂಬುದನ್ನೂ ಇಲ್ಲೇ ನೆನೆಯಬೇಕು.

ಗೌರಿಯವರ ಮಣ್ಣು ಚಾಮರಾಜಪೇಟೆಯ ರುದ್ರಭೂಮಿಯಲ್ಲಾಯಿತು, ಸರಕಾರಿ ಗೌರವದೊಂದಿಗೆ. ಕಣ್ಣುಗಳನ್ನು ದಾನ ಮಾಡಿದ್ದರು. ಅದೇ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟ ಇದೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಆ ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಎಂಬ ಪತ್ರಿಕೆ ಆರಂಭಿಸಿ ದಶಕಗಳ ಕಾಲ ನಡೆಸಿದರು. ಅದಕ್ಕೂ ಮೊದಲು ನಂಜನಗೂಡಿನ ತಿರುಮಲಾಂಬ ‘ಕರ್ನಾಟಕ ನಂದಿನಿ’ ನಡೆಸಿದರು. ಆ ತಾಯಂದಿರಿಗೂ ಸಮಾಜ ಬೇಕಾದಷ್ಟು ಅಂದಿತು. ಅವರನ್ನೂ ನಾವು ಫೋಟೋಕ್ಕೆ ಹಾರ ಹಾಕಿ ಮರೆತೆವು, ಓದಲಿಲ್ಲ. ತಿರುಮಲಾಂಬ ತಮ್ಮ ಕೊನೆಯ ದಿನಗಳವರೆಗೂ ಕನ್ನಡಕ್ಕೆ ಹೆಚ್ಚುಕಡಿಮೆ ಅಪರಿಚಿತರಾಗಿಯೇ ಬದುಕಿದ್ದರು ಎಂಬುದು ನಮ್ಮ ಭಾಷೆಗೆ ಹೆಮ್ಮೆಯ ಸಂಗತಿಯಲ್ಲ. ಹೆಣ್ಣು ಸಂಪಾದಕಿಯರ ಈ ಸಾಲಿನಲ್ಲಿ ಗೌರಿಯವರನ್ನು ಇಟ್ಟು ನೋಡಿದರೆ ಅವರು ಲಂಕೇಶರ ಮಗಳು ಎಂಬುದಷ್ಟೇ ಅವರ ಗುರುತಾಗಿ ಉಳಿಯುವುದಿಲ್ಲ. ಸ್ವಂತ ಹೆಸರಿನಲ್ಲಿ, ಸ್ವಂತ ದುಡಿಮೆಯಲ್ಲಿ ಪತ್ರಿಕೆ ನಡೆಸಿದ ಹೆಂಗಸರ ಒಂದು ವಂಶ ಕಾಣುತ್ತದೆ.

ಅವರ ಅಂಕಣಗಳು ಪುಸ್ತಕವಾಗಿ ಬಂದಿವೆ. ಇಂಗ್ಲಿಷಿನಲ್ಲಿ ಓದುವ ಮಕ್ಕಳಿದ್ದರೆ ಚಂದನ್ ಗೌಡರು 2017ರಲ್ಲಿ ಸಂಪಾದಿಸಿದ ‘ದ ವೇ ಐ ಸೀ ಇಟ್’ ಇದೆ. ಒಂದು ಪೆನ್ಸಿಲ್ ಹಿಡಿದು ಓದಿ. ಒಪ್ಪಿದ ಕಡೆ ಒಂದು ಗೆರೆ ಎಳೆಯಿರಿ, ಒಪ್ಪದ ಕಡೆ ಎರಡು ಗೆರೆ ಎಳೆಯಿರಿ. ಎರಡು ಗೆರೆಗಳೇ ಹೆಚ್ಚಾದರೂ ಚಿಂತೆಯಿಲ್ಲ. ಆಕೆ ತನ್ನ ಅಂಕಣಕ್ಕೆ ‘ಕಂಡ ಹಾಗೆ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ. ಇದು ನನಗೆ ಕಂಡದ್ದು, ನಿಮಗೆ ಕಂಡದ್ದನ್ನು ನೀವು ಹೇಳಿ ಎಂಬ ಕರೆ ಆ ಹೆಸರಿನಲ್ಲೇ ಇದೆ. ಗುಂಡು ಹಾರಿಸಿದವರಿಗೆ ಬೇಡವಾಗಿದ್ದದ್ದು ಆ ಮಾತುಕತೆಯೇ. ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ, ಹುಳಿ ಕುದಿಯುವ ಹೊತ್ತಿನಲ್ಲಿ, ಅದನ್ನು ಮುಂದುವರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.